‘ಬಾಗಿಲು ಮುಚ್ಚಿತು’ ಎಂಬ ಒಂದು ಸಾಲು

ಆ ಐದು ಮಹಡಿಯ ಕಟ್ಟಡದ ಲಿಫ್ಟಿಗೆ ಬಾಯಿ ಜಾಸ್ತಿ ಎಂದು ಮೊದಲು ದೂರಿದವನು ಕಟ್ಟಡದ ಮೇಲ್ವಿಚಾರಕ. ಮೆಟ್ಟಿಲ ಕೆಳಗಿನ ಅವನ ಪುಟ್ಟ ಕೋಣೆಯಲ್ಲಿ ಒಂದು ಪರದೆ ಇತ್ತು. ಲಿಫ್ಟು ಮಾಡಿದ ಒಂದೊಂದು ಕೆಲಸವೂ ಅದರ ಮೇಲೆ ಒಂದೊಂದು ಸಾಲಾಗಿ ಮೂಡಿ ಮೇಲಕ್ಕೆ ಸರಿಯುತ್ತಿತ್ತು. ಬಾಗಿಲು ತೆರೆಯಿತು. ಬಾಗಿಲು ಮುಚ್ಚುತ್ತಿದೆ. ಬಾಗಿಲು ಮುಚ್ಚಿತು. ಮೋಟಾರು ಬೆಚ್ಚಗಿದೆ. ಹೊರಟೆ. ಹೋಗುತ್ತಿದ್ದೇನೆ. ಇನ್ನೂ ಹೋಗುತ್ತಿದ್ದೇನೆ. ಬಂದೆ. ಬೆಳಗಿನಿಂದ ಸಂಜೆಯವರೆಗೆ ಇದೇ ಪುರಾಣ.

"ಮೋಟಾರು ಬೆಚ್ಚಗಿದ್ರೆ ನಾನೇನ್ ಮಾಡ್ಲಿ ಮೇಡಂ, ಅದು ಹೊದ್ದಿರೋ ಕಂಬಳಿ ತೆಗೀಲಾ?" ಎಂದು ಅವನು ಪುಟ್ಟಿಯನ್ನು ತಡೆದು ನಿಲ್ಲಿಸಿ ಕೇಳಿದ. "ನಿಜವಾಗ್ಲೂ ಏನಾದ್ರೂ ಕೆಟ್ಟ ದಿನ ಈ ಗದ್ದಲದಲ್ಲಿ ನನ್ನ ಕಣ್ಣಿಗೆ ಬೀಳತ್ತಾ? ನಾನಂತೂ ಆ ಕಡೆ ನೋಡೋದೇ ಬಿಟ್ಟಿದ್ದೀನಿ."

ಪುಟ್ಟಿ ಹಲ್ಲು ಕಿರಿದಳು. ಆ ಸಾಲುಗಳನ್ನೆಲ್ಲ ಬರೆದವಳು ಅವಳೇ. ಆಫೀಸಿನಲ್ಲಿ ಅವಳಿಗೆ ಬೇರೆ ಹೆಸರಿತ್ತು, ಹೆಸರಿನ ಕೆಳಗೆ ಉದ್ದನೆಯ ಹುದ್ದೆಯೂ ಇತ್ತು. ಆದರೆ ಈ ಕಟ್ಟಡದಲ್ಲಿ ಅವಳು ಐದನೇ ಮಹಡಿಯ ಟೈಲರ್ ಅಮ್ಮನ ಪುಟ್ಟಿ. ಟೈಲರ್ ಅಮ್ಮ ಎಂದರೆ ಅವಳ ಸೋದರತ್ತೆ, ಅಪ್ಪನ ಅಕ್ಕ. ಪುಟ್ಟಿ ಬೆಳೆದದ್ದೇ ಅತ್ತೆಯ ಕಟಿಂಗ್ ಮೇಜಿನ ಕೆಳಗೆ, ಬಟ್ಟೆಯ ಚೂರುಗಳ ನಡುವೆ. ಅವಳ ಕಂಪನಿ ಹಳೆಯ ಲಿಫ್ಟುಗಳಿಗೆ ಹೊಸ ಮಿದುಳು ಕೂರಿಸುವ ಕೆಲಸ ಮಾಡುತ್ತಿತ್ತು. ಪರೀಕ್ಷೆಗೆ ಒಂದು ಕಟ್ಟಡ ಬೇಕೆಂದಾಗ ಪುಟ್ಟಿಯೇ ಇದನ್ನು ತೋರಿಸಿದ್ದಳು. ಅತ್ತೆ ಬಟ್ಟೆಯ ಥಾನುಗಳನ್ನು ಹೊತ್ತು ಮೆಟ್ಟಿಲು ಹತ್ತುವುದು ತಪ್ಪುತ್ತದಲ್ಲ ಎಂಬ ಸ್ವಾರ್ಥವೂ ಅದರಲ್ಲಿತ್ತು, ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ ಅಷ್ಟೆ.

ಮರುದಿನ ಆಫೀಸಿನಲ್ಲಿ ಅವಳೂ ಮೇಷ್ಟ್ರೂ ಲಿಫ್ಟಿನ ಬಾಯಿ ಹೊಲಿಯಲು ಕೂತರು. ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ತಂಡದ ಮುಖ್ಯಸ್ಥರು, ಯಾರು ಏನು ಬರೆದರೂ ಕಾಗುಣಿತ ತಿದ್ದದೆ ಬಿಡುತ್ತಿರಲಿಲ್ಲವಾದ್ದರಿಂದ ಆ ಹೆಸರು ಅಂಟಿಕೊಂಡಿತ್ತು.

ಕೆಲಸ ಹೇಳುವುದಕ್ಕೆ ಸುಲಭ. ಪ್ರೋಗ್ರಾಂ ತಾನು ಮಾಡಿದ್ದನ್ನು ಎರಡು ಬಗೆಯಲ್ಲಿ ಬರೆದಿಡಬಲ್ಲದು. ಒಂದು ಮಾಮೂಲಿ ಸಾಲು, ಅದು ಯಾವಾಗಲೂ ಬರೆಯಲ್ಪಡುತ್ತದೆ, ಮೇಲ್ವಿಚಾರಕನ ಪರದೆಯ ಮೇಲೂ ಕಾಣುತ್ತದೆ. ಇನ್ನೊಂದು ಡೀಬಗ್ ಸಾಲು, ಅದು ಪ್ರೋಗ್ರಾಂ ಬರೆದವರ ಮನೆಯೊಳಗಿನ ಮಾತು. ಲ್ಯಾಪ್‌ಟಾಪ್ ಸಿಕ್ಕಿಸಿ ‘ಡೀಬಗ್ ತೆರೆ’ ಎಂದರೆ ಮಾತ್ರ ಬರುತ್ತದೆ, ಇಲ್ಲದಿದ್ದರೆ ಪ್ರೋಗ್ರಾಂ ಅದನ್ನು ಬರೆಯುವ ಗೋಜಿಗೇ ಹೋಗುವುದಿಲ್ಲ. ಯಾವ ಸಾಲು ಯಾವ ಬಗೆ ಎಂದು ತೀರ್ಮಾನಿಸಬೇಕು, ಅಷ್ಟೇ. ಅಷ್ಟೇ ಎನ್ನುವ ಕೆಲಸಗಳೇ ಮನುಷ್ಯರ ತಲೆ ತಿನ್ನುವುದು.

"ಒಂದೇ ಪ್ರಶ್ನೆ ಕೇಳ್ಕೋ," ಎಂದರು ಮೇಷ್ಟ್ರು. "ಈ ಸಾಲು ಓದಿದವನು ಎದ್ದು ಏನಾದ್ರೂ ಮಾಡ್ಬೇಕಾ? ಮಾಡ್ಬೇಕು ಅಂದ್ರೆ ಮಾಮೂಲಿ. ಇಲ್ಲ ಅಂದ್ರೆ ಡೀಬಗ್. ಮುಗೀತು."

ಮೋಟಾರು ಬೆಚ್ಚಗಿದೆ, ಡೀಬಗ್. ಮೋಟಾರು ಸುಡುತ್ತಿದೆ, ಮಾಮೂಲಿ. ಇನ್ನೂ ಹೋಗುತ್ತಿದ್ದೇನೆ ಎಂಬುದಕ್ಕೆ ಮೇಷ್ಟ್ರು ನಕ್ಕೇಬಿಟ್ಟರು, ಅದು ಡೀಬಗ್ಗಿಗೂ ನಾಚಿಕೆ ಎಂದು ಅಳಿಸಿಯೇ ಹಾಕಿದರು. ‘ಬಾಗಿಲು ಮುಚ್ಚಿತು’ ಎಂಬಲ್ಲಿಗೆ ಬಂದಾಗ ಪುಟ್ಟಿ ಸ್ವಲ್ಪ ತಡೆದಳು.

"ಸರ್, ಇದಿರ್ಲಾ? ಬಾಗಿಲು ಮುಚ್ಚಿದ್ದು ಗೊತ್ತಾದ್ರೆ ಒಳ್ಳೇದಲ್ವಾ?"

"ಮುಚ್ಚದೇ ಇದ್ರೆ ಬಾಯಿ ಬಿಡ್ಲಿ. ಮುಚ್ಚಿದ್ರೆ ಅದರಲ್ಲೇನು ವಿಶೇಷ? ನೀನು ದಿನಾ ಮನೆ ಬಾಗಿಲು ಹಾಕಿ ಪಕ್ಕದ ಮನೆಯವರಿಗೆ ಕೂಗಿ ಹೇಳ್ತೀಯಾ?"

ಪುಟ್ಟಿ ಆ ಸಾಲಿನ ಬಗೆ ಬದಲಾಯಿಸಿದಳು. ‘ಬಾಗಿಲು ಮುಚ್ಚಿತು’ ಡೀಬಗ್ ಆಯಿತು. ಹೊಸ ಪ್ರೋಗ್ರಾಂ ಲಿಫ್ಟಿನೊಳಗೆ ಕೂತ ಮೇಲೆ ಪರದೆಯ ಮೇಲೆ ಉಳಿದದ್ದು ಒಂದು ಓಡಾಟಕ್ಕೆ ಎರಡೇ ಸಾಲು, ಯಾವ ಮಹಡಿಗೆ ಕೋರಿಕೆ ಬಂತು, ಯಾವ ಮಹಡಿ ತಲುಪಿದೆ. ಮೇಲ್ವಿಚಾರಕ ಪುಟ್ಟಿಗೆ ಕೈಯೆತ್ತಿ ಸಲಾಮು ಹೊಡೆದ. ಎಲ್ಲ ಸುಸೂತ್ರ.

ಅದೇ ವಾರ ಅತ್ತೆ ಹಲ್ಲಿನ ಡಾಕ್ಟರ ಬಾಗಿಲಲ್ಲಿ ಇಳಿದಳು.

ಆ ಕಟ್ಟಡದ ಮೂರನೇ ಮಹಡಿ ಇಡೀ ಹಲ್ಲಿನ ಡಾಕ್ಟರದು. ಲಿಫ್ಟು ಹತ್ತುವವರಲ್ಲಿ ಮುಕ್ಕಾಲು ಪಾಲು ಕೆನ್ನೆ ಹಿಡಿದುಕೊಂಡು ಅಲ್ಲಿಗೇ ಹೋಗುವವರು. ಅತ್ತೆ ಬಟ್ಟೆಯ ಥಾನನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು, ಮುಂದೆ ಏನಿದೆಯೆಂದು ಕಾಣದೆ, ತನ್ನ ಅಂಗಡಿಯೆಂದೇ ತಿಳಿದು ಕಾಯುವವರ ಬೆಂಚಿನ ತನಕ ನಡೆದು ಹೋಗಿದ್ದಳು. ಕೌಂಟರಿನ ಹುಡುಗಿ "ಯಾವ ಹಲ್ಲು ಆಂಟಿ?" ಎಂದು ಕೇಳಿದಾಗಲೇ ಅವಳಿಗೆ ಎಚ್ಚರವಾದದ್ದು.

"ಐದು ಒತ್ತಿದ್ದೆ ಕಣೆ ಪುಟ್ಟಿ. ಮೂರಕ್ಕೆ ತಂದು ಬಿಡ್ತು," ಎಂದು ಅವಳು ಫೋನಿನಲ್ಲಿ ಹೇಳಿದಾಗ ಪುಟ್ಟಿ ಹೊಟ್ಟೆ ತುಂಬ ನಕ್ಕಳು. ಅತ್ತೆಯೂ ನಕ್ಕಳು. ಎರಡನೇ ಸಲ ಹೇಳಿದಾಗ ನಗು ಅರ್ಧವಾಗಿತ್ತು. ಮೂರನೇ ಸಲ ಅತ್ತೆ ರೇಗಿದಳು. "ನಿನ್ನ ಲಿಫ್ಟಿಗೆ ನನ್ನ ಹಲ್ಲಿನ ಮೇಲೆ ಯಾಕಿಷ್ಟು ಕಾಳಜಿ? ಬಂದು ನೋಡು."

ಪುಟ್ಟಿ ಬಂದಳು, ಲ್ಯಾಪ್‌ಟಾಪ್ ಸಮೇತ. ಏನೇ ಕೆಟ್ಟರೂ ಅವಳು ಮೊದಲು ಮಾಡುವ ಕೆಲಸ ಡೀಬಗ್ ತೆರೆಯುವುದು. ಲಿಫ್ಟಿನ ಪಕ್ಕದ ಪೆಟ್ಟಿಗೆಗೆ ತಂತಿ ಸಿಕ್ಕಿಸಿ, ಡೀಬಗ್ ತೆರೆದು, ಅತ್ತೆಯ ಕೈಗೆ ಥಾನು ಕೊಟ್ಟು, ಯಾವಾಗಲೂ ಹೇಗೆ ಹತ್ತುತ್ತೀಯೋ ಹಾಗೇ ಹತ್ತು ಎಂದಳು. ಅತ್ತೆ ಒಳಗೆ ಹೋಗಿ ಗೋಡೆಗೆ ಒರಗಿ ನಿಂತಳು. ಬಾಗಿಲು ಕೂಡಿಕೊಳ್ಳುವ ಹೊತ್ತಿಗೆ ಮೊಣಕೈಯಿಂದ ಐದನ್ನು ಒತ್ತಿದಳು. ಲಿಫ್ಟು ಸೀದಾ ಐದಕ್ಕೆ ಹೋಯಿತು. ಮತ್ತೆ ಕೆಳಗೆ, ಮತ್ತೆ ಮೇಲೆ. ಐದು. ಮತ್ತೆ ಐದು. ಹಲ್ಲುನೋವಿನವರು ನೋವು ಮರೆತು ನೋಡುತ್ತ ನಿಂತರು. ಸಂಜೆಯತನಕ ಅತ್ತೆಯನ್ನು ಬುಗುರಿಯ ಹಾಗೆ ಆಡಿಸಿದರೂ ಲಿಫ್ಟು ಒಂದೇ ಒಂದು ಸಲ ತಪ್ಪು ಹೆಜ್ಜೆ ಇಡಲಿಲ್ಲ.

ಆಗ ಪುಟ್ಟಿ ಒಂದು ಕೆಲಸ ಮಾಡಿದಳು. ಒಳ್ಳೆಯ ಮನಸ್ಸಿನಿಂದಲೇ ಮಾಡಿದಳು, ಅದೇ ಬೇಸರದ ಸಂಗತಿ. ಹಿಂದಿನ ದಿನಗಳ ಮಾಮೂಲಿ ಸಾಲುಗಳನ್ನು ತೆಗೆದು ಅತ್ತೆಯ ಮುಂದೆ ಹಿಡಿದಳು.

"ಇಲ್ಲಿ ನೋಡತ್ತೆ. ನೀನು ಮೊನ್ನೆ ಬೆಳಿಗ್ಗೆ ಹತ್ತಿದ್ದು ಇದು. ‘ಕೋರಿಕೆ, ಮೂರನೇ ಮಹಡಿ’ ಅಂತಿದೆ. ಲಿಫ್ಟು ತಾನಾಗೇ ಹೋಗಿಲ್ಲ, ಯಾರೋ ಮೂರು ಒತ್ತಿದ್ದಾರೆ. ಒಳಗೆ ಇದ್ದಿದ್ದು ನೀನೊಬ್ಳೇ."

ಅತ್ತೆ ಕನ್ನಡಕ ಏರಿಸಿ, ಇಳಿಸಿ, ಆ ಸಾಲನ್ನು ಬಹಳ ಹೊತ್ತು ನೋಡಿದಳು. "ಮೂರು ಅಂತಾನೇ ಇದೆ," ಎಂದಳು. "ನಾನು ಐದು ಒತ್ತಿದೀನಿ ಅಂದ್ಕೊಂಡಿದ್ದೆ."

ಅಂದುಕೊಂಡಿದ್ದೆ ಎಂಬ ಮಾತು ಅತ್ತೆಯ ಬಾಯಲ್ಲಿ ಪುಟ್ಟಿ ಹಿಂದೆಂದೂ ಕೇಳಿದವಳಲ್ಲ. ಗಿರಾಕಿ ಬಾಗಿಲಲ್ಲಿ ನಿಂತ ಕೂಡಲೇ ಅವನ ಭುಜದ ಅಳತೆ ಹೇಳುತ್ತಿದ್ದವಳು ಅತ್ತೆ. ಟೇಪು ಹಿಡಿಯುತ್ತಿದ್ದದ್ದು ಗಿರಾಕಿಯ ಸಮಾಧಾನಕ್ಕೆ. ಪುಟ್ಟಿಗೆ ಒಂದು ಕ್ಷಣ ಏನೋ ಕಸಿವಿಸಿಯಾಯಿತು, ಆದರೆ ಕೈಯಲ್ಲಿ ಸಾಕ್ಷಿ ಇದ್ದವರಿಗೆ ಕಸಿವಿಸಿ ಹೆಚ್ಚು ಹೊತ್ತು ಬಾಳುವುದಿಲ್ಲ. "ಕೈ ತುಂಬ ಸಾಮಾನಿತ್ತಲ್ಲ, ಮೊಣಕೈ ತಾಗಿರತ್ತೆ, ಬಿಡು," ಎಂದು ಹೇಳಿ, ತಂತಿ ಸುತ್ತಿಕೊಂಡು ಹೊರಟಳು.

ಆಮೇಲೆ ಅತ್ತೆ ದೂರುವುದನ್ನು ನಿಲ್ಲಿಸಿದಳು. ಲಿಫ್ಟು ಸರಿಹೋಯಿತು ಎಂದು ಪುಟ್ಟಿ ತಿಳಿದಳು. ಅತ್ತೆ ಲಿಫ್ಟು ಹತ್ತುವುದನ್ನೇ ಬಿಟ್ಟಿದ್ದಾಳೆ, ಥಾನು ಹೊತ್ತು ಮಹಡಿ ಮಹಡಿಗೆ ನಿಂತು ಉಸಿರು ಬಿಡುತ್ತ ಮೆಟ್ಟಿಲು ಹತ್ತುತ್ತಿದ್ದಾಳೆ ಎಂದು ಅವಳಿಗೆ ತಿಳಿದದ್ದು ಮೇಲ್ವಿಚಾರಕನಿಂದ. "ಯಾಕಮ್ಮ ಅಂತ ಕೇಳಿದ್ರೆ, ನನ್ನ ಬೆರಳು ನಾನು ಹೇಳಿದ ಮಾತು ಕೇಳ್ತಿಲ್ಲ ಕಣಪ್ಪಾ ಅಂತಾರೆ," ಎಂದ ಅವನು.

ಮುಂದಿನ ಸುದ್ದಿ ಇನ್ನೂ ಕೆಟ್ಟದಾಗಿತ್ತು. ಹತ್ತಿರದ ದೊಡ್ಡ ಹೋಟೆಲಿನ ಬಾಗಿಲಲ್ಲಿ ನಿಲ್ಲುವ ಎತ್ತರದ ಮನುಷ್ಯನ ಕೋಟನ್ನು ಅತ್ತೆ ಹೊಲಿಯುತ್ತಿದ್ದಳು. ಅದರ ಒಂದು ತೋಳನ್ನು ಒಂದಿಂಚು ಗಿಡ್ಡ ಕತ್ತರಿಸಿಬಿಟ್ಟಿದ್ದಳು. ಜೀವಮಾನದಲ್ಲಿ ಇಂಥ ತಪ್ಪು ಮಾಡದವಳು. ಅವನು ಹಾಕಿ ನೋಡಿ, ಪಾಪ, ಏನೂ ಅನ್ನದೆ ತೋಳನ್ನು ಕೆಳಗೆ ಕೆಳಗೆ ಎಳೆದುಕೊಂಡನಂತೆ. ಆ ಎಳೆದುಕೊಂಡದ್ದನ್ನು ಅತ್ತೆ ಮರೆಯಲಾಗಲಿಲ್ಲ.

"ಇನ್ನು ಕಟಿಂಗ್ ನನ್ನಿಂದಾಗಲ್ಲ ಪುಟ್ಟಿ," ಎಂದಳು ಫೋನಿನಲ್ಲಿ. ದನಿಯಲ್ಲಿ ಅಳುವಿರಲಿಲ್ಲ, ಅದಕ್ಕೇ ಪುಟ್ಟಿಗೆ ಹೆದರಿಕೆಯಾಯಿತು. "ಕತ್ತರಿ ಹಿಡಿಯೋರಿಗೆ ತಲೆ ನೆಟ್ಟಗಿರ್ಬೇಕು. ಎದುರು ರಸ್ತೆ ಟೈಲರ್‌ಗೆ ಹೇಳಿದೀನಿ, ಶನಿವಾರ ಬಂದು ದೊಡ್ಡ ಕತ್ತರಿನೂ ಮೇಜೂ ತಗೊಂಡು ಹೋಗ್ತಾನೆ. ನಾನು ಗುಂಡಿ ಹಾಕೋದು, ಅಂಚು ಮಡಿಚೋದು ಮಾಡ್ಕೊಂಡಿರ್ತೀನಿ. ಅದಕ್ಕೆ ತಲೆ ಬೇಡ."

ಅತ್ತೆಯಿಂದ ಕತ್ತರಿ ಕಿತ್ತರೆ ಉಳಿಯುವುದು ಏನು? ಪುಟ್ಟಿಗೆ ದಿಕ್ಕು ತೋಚಲಿಲ್ಲ. ಡಾಕ್ಟರಿಗೆ ತೋರಿಸಬೇಕೆ, ಸುಮ್ಮನೆ ಜೊತೆಗಿದ್ದು ಸಮಾಧಾನ ಹೇಳಬೇಕೆ, ಕತ್ತರಿಯನ್ನು ಬಚ್ಚಿಡಬೇಕೆ? ಶುಕ್ರವಾರ ಮಧ್ಯಾಹ್ನ ಆಫೀಸಿಗೆ ಅರ್ಧ ದಿನ ರಜೆ ಹಾಕಿ ಹೊರಟಳು. ಹೋಟೆಲಿನವನ ಕೋಟಿಗೆ ಹೊಸ ತೋಳಿಗೆಂದು ಬಟ್ಟೆ ತಂದಳು, ಹಣ್ಣಿನ ಚೀಲ ತಂದಳು, ದಾರಿಯಲ್ಲಿ ಕಂಡ ಹೂವಿನ ಕುಂಡವನ್ನೂ ತಂದಳು. ಏನು ಮಾಡಬೇಕೆಂದು ತಿಳಿಯದವರು ಹೀಗೇ ಕೈ ತುಂಬ ಏನಾದರೂ ತರುತ್ತಾರೆ. ಲ್ಯಾಪ್‌ಟಾಪು ಬೆನ್ನಿನ ಚೀಲದಲ್ಲಿ ಮುಚ್ಚಿಕೊಂಡು ಮಲಗಿತ್ತು.

ಲಿಫ್ಟಿನೊಳಗೆ ಹೋಗಿ, ಕುಂಡವನ್ನು ಸೊಂಟಕ್ಕೆ ಒರಗಿಸಿ, ಬಾಗಿಲು ಕೂಡಿಕೊಳ್ಳುವ ಹೊತ್ತಿಗೆ ಹೇಗೋ ಒಂದು ಬೆರಳು ಬಿಡಿಸಿ ಐದನ್ನು ಒತ್ತಿದಳು. ಲಿಫ್ಟು ಏರಿತು, ನಿಂತಿತು, ಬಾಗಿಲು ತೆರೆಯಿತು. ಎದುರಿಗೆ ಗೋಡೆಯ ಮೇಲೆ ನಗುವ ದೊಡ್ಡದೊಂದು ಹಲ್ಲಿನ ಚಿತ್ರ. ಪುಟ್ಟಿ ನಾಲಿಗೆ ಕಚ್ಚಿಕೊಂಡು, ನನ್ನ ಗಮನ ಎಲ್ಲೋ ಇದೆ ಎಂದು ತನ್ನನ್ನೇ ಬೈದುಕೊಂಡು, ಮತ್ತೆ ಐದನ್ನು ಒತ್ತಿದಳು.

ಅತ್ತೆಯ ಬಾಗಿಲ ತನಕ ಹೋದಳು, ಬಾಗಿಲು ತಟ್ಟಲು ಎತ್ತಿದ ಕೈ ಅಲ್ಲೇ ನಿಂತಿತು. ಅವಳು ಐದನ್ನೇ ಒತ್ತಿದ್ದಳು. ಕುಂಡದ ಎಲೆ ಸರಿಸಿ, ಅಂಕಿ ನೋಡಿ, ಒತ್ತಿದ್ದಳು. ಆದರೂ ಹಲ್ಲಿನ ಚಿತ್ರ ಕಂಡೊಡನೆ ತಾನೇ ತಪ್ಪಿದೆ ಅಂದುಕೊಂಡಳು. ಒಂದು ಗಳಿಗೆಯೂ ಲಿಫ್ಟನ್ನು ಅನುಮಾನಿಸಲಿಲ್ಲ, ಯಾರಿಗೂ ಹೇಳಬೇಕೆಂದೂ ಅನ್ನಿಸಲಿಲ್ಲ. ಕುಂಡ ಕೆಳಗಿಟ್ಟು ಅವಳು ಮೆಟ್ಟಿಲಿಳಿದು ಓಡಿದಳು.

ಕೌಂಟರಿನ ಹುಡುಗಿಯನ್ನು ಕೇಳಿದಳು. "ನಾಲ್ಕನೇ ಮಹಡಿಯವರು ಆಗಾಗ ಇಲ್ಲಿ ಇಳೀತಾರೆ," ಎಂದಳು ಆ ಹುಡುಗಿ. "ಫೋನಲ್ಲಿ ಮಾತಾಡ್ತಾ ತಪ್ಪು ಒತ್ತಿದೆ ಅಂತ ನಗ್ತಾರೆ. ನಾನೂ ಒಂದೆರಡು ಸಲ ಮನೆಗೆ ಹೋಗೋಕೆ ಕೆಳಗೆ ಅಂತ ಒತ್ತಿ ಮೇಲೆ ಹೋಗಿದೀನಿ. ನನ್ನ ತಲೆ ಗೊತ್ತಲ್ಲ ಅಕ್ಕಾ." ಮೇಲ್ವಿಚಾರಕನನ್ನು ಕೇಳಿದಳು. ಅವನು ತಲೆ ಕೆರೆದುಕೊಂಡು, "ನಂಗೂ ಆಗಿದೆ ಮೇಡಂ. ವಯಸ್ಸಾಯ್ತಲ್ಲ ಅಂದ್ಕೊಂಡೆ," ಎಂದ.

ಇಡೀ ಕಟ್ಟಡಕ್ಕೆ ಆಗುತ್ತಿತ್ತು. ಒಬ್ಬೊಬ್ಬರೂ ತಮ್ಮ ಗಮನದ ಮೇಲೆ, ವಯಸ್ಸಿನ ಮೇಲೆ, ಫೋನಿನ ಮೇಲೆ ತಪ್ಪು ಹೊರಿಸಿಕೊಂಡು, ಇದೇನು ಹೇಳುವಂಥ ವಿಷಯ ಎಂದು ನುಂಗಿಕೊಂಡಿದ್ದರು. ಬಾಯಿಬಿಟ್ಟು ಹೇಳಿದವಳು ಅತ್ತೆಯೊಬ್ಬಳೇ. ಅವಳನ್ನು ಪುಟ್ಟಿ ಸಾಕ್ಷಿಸಮೇತ ಸುಮ್ಮನಾಗಿಸಿದ್ದಳು.

ಅವಳು ತಂತಿ ಸಿಕ್ಕಿಸಿ ಡೀಬಗ್ ತೆರೆದಳು. ಹಣ್ಣಿನ ಚೀಲ ಹಿಡಿದು, ಗೋಡೆಗೆ ಒರಗಿ, ಅತ್ತೆಯ ಹಾಗೇ ಒತ್ತಿದಳು. ಐದು. ಮತ್ತೆ ಐದು. ಎಷ್ಟು ಸಲ ಮಾಡಿದರೂ ಲಿಫ್ಟು ಮಹಾ ಸಭ್ಯನಂತೆ ಐದಕ್ಕೇ ಹೋಯಿತು. ಒಂದೊಂದು ಸಲದ ನಡುವೆಯೂ ಯಾರಾದರೊಬ್ಬರು ಕೆನ್ನೆ ಹಿಡಿದುಕೊಂಡು ಮೂರಕ್ಕೆ ಹೋಗುತ್ತಿದ್ದರು. ಬೇಸತ್ತು ತಂತಿ ಕಿತ್ತಳು. ಒತ್ತಿದಳು. ಹಲ್ಲಿನ ಚಿತ್ರ ನಗುತ್ತಿತ್ತು. ತಂತಿ ಸಿಕ್ಕಿಸಿದಳು, ಐದು. ಕಿತ್ತಳು, ಮೂರು. ನೋಡಿದರೆ ಸರಿ, ನೋಡದಿದ್ದರೆ ತಪ್ಪು. ಇದೇನು ಲಿಫ್ಟೋ, ಮೇಷ್ಟ್ರು ಬಂದಾಗ ಕೈಕಟ್ಟಿ ಕೂರುವ ತುಂಟ ಹುಡುಗನೋ? ಅವಳಿಗೆ ತಲೆಬುಡ ತಿಳಿಯಲಿಲ್ಲ. ಅತ್ತೆಗಲ್ಲ, ನನಗೇ ತಲೆ ಕೆಟ್ಟಿರಬೇಕು ಎಂದು ಒಂದು ಕ್ಷಣ ನಿಜವಾಗಿಯೂ ಅನ್ನಿಸಿತು. ಆ ಕ್ಷಣ ಎಷ್ಟು ಕೆಟ್ಟದೆಂದರೆ, ಅತ್ತೆ ಇದರಲ್ಲಿ ಇಷ್ಟು ದಿನ ಹೇಗೆ ಬದುಕಿದಳೋ ಎಂದು ಅವಳ ಕಣ್ಣು ತುಂಬಿತು.

ಮೆಟ್ಟಿಲ ಮೇಲೆ ಕೂತು ಮೇಷ್ಟ್ರಿಗೆ ಫೋನು ಮಾಡಿದಳು. ಅವರು ಎಲ್ಲ ಕೇಳಿ, "ನೋಡಮ್ಮಾ, ನೀನು ಊಟ ಮಾಡಿದೀಯಾ?" ಎಂದರು.

"ಸರ್, ನಾನು ಸರಿಯಾಗೇ ಇದೀನಿ. ಡೀಬಗ್ ತೆರೆದ್ರೆ ಸರಿ ಹೋಗತ್ತೆ, ಮುಚ್ಚಿದ್ರೆ ಕೆಡತ್ತೆ. ಯಾಕೆ ಅಂತ ಹೇಳಿ."

"ಡೀಬಗ್ ತೆರೆದ್ರೆ ಲಿಫ್ಟಿಗೆ ಏನೂ ಆಗಲ್ಲ. ಒಂದಿಷ್ಟು ಸಾಲು ಜಾಸ್ತಿ ಬರೆಯತ್ತೆ, ಅಷ್ಟೇ."

ಅಷ್ಟೇ. ಮತ್ತೆ ಆ ಮಾತು. ಪುಟ್ಟಿ ಫೋನನ್ನು ಕಿವಿಗೆ ಹಿಡಿದೇ ಪ್ರೋಗ್ರಾಂ ತೆರೆದು ನೋಡಿದಳು. ಬಾಗಿಲು ಮುಚ್ಚುತ್ತದೆ. ‘ಬಾಗಿಲು ಮುಚ್ಚಿತು’ ಎಂದು ಬರೆಯುತ್ತದೆ. ಆಮೇಲೆ ಒಳಗಿನವರು ಯಾವ ಗುಂಡಿ ಒತ್ತಿದರು ಎಂದು ಓದುತ್ತದೆ. ಗುಂಡಿ ಒತ್ತಿದ ಸುದ್ದಿ ಪ್ರೋಗ್ರಾಮಿಗೆ ಮುಟ್ಟಲು ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತು ಬೇಕು, ಆದರೂ ಬೇಕು. ಇಷ್ಟು ದಿನ ಪ್ರೋಗ್ರಾಂ ಆ ಸಾಲನ್ನು ಬರೆಯುತ್ತ ಕೂತಿದ್ದಾಗ ಸುದ್ದಿ ಬಂದು ಮುಟ್ಟುತ್ತಿತ್ತು. ಸಾಲು ಡೀಬಗ್ ಆದ ಮೇಲೆ ಬರೆಯುವ ಕೆಲಸ ತಪ್ಪಿತು. ಪ್ರೋಗ್ರಾಂ ಮುಂದಕ್ಕೆ ನುಗ್ಗಿತು. ಬಾಗಿಲು ಕೂಡುವ ಹೊತ್ತಿಗೇ ಯಾರಾದರೂ ಗುಂಡಿ ಒತ್ತಿದರೆ ಹೊಸ ಸುದ್ದಿ ಇನ್ನೂ ದಾರಿಯಲ್ಲೇ ಇರುತ್ತಿತ್ತು. ಕೈಗೆ ಸಿಕ್ಕಿದ್ದು ಹಿಂದಿನವರು ಒತ್ತಿದ ಗುಂಡಿ. ಹಿಂದಿನವರು ಹೆಚ್ಚಾಗಿ ಯಾರು? ಹಲ್ಲುನೋವಿನವರು. ಅವಳು ಲ್ಯಾಪ್‌ಟಾಪ್ ಸಿಕ್ಕಿಸಿದಾಗಲೆಲ್ಲ ಡೀಬಗ್ ತೆರೆದು, ಆ ಸಾಲನ್ನು ಮತ್ತೆ ಬರೆಸಿ, ತಪ್ಪನ್ನು ತಾನೇ ಕೈಯಾರೆ ಮುಚ್ಚಿಡುತ್ತಿದ್ದಳು.

‘ಕೋರಿಕೆ, ಮೂರನೇ ಮಹಡಿ’ ಎಂಬ ಆ ಸಾಕ್ಷಿ? ಅದು ಅತ್ತೆಯ ಬೆರಳನ್ನು ಕಂಡೇ ಇರಲಿಲ್ಲ.

ಇದನ್ನೆಲ್ಲ ಅವಳು ಫೋನಿನಲ್ಲಿ ಹೇಳಿದಳು, ಮೇಷ್ಟ್ರು ಕೇಳಿಸಿಕೊಂಡರು. ಆಮೇಲೆ, "ಹಾಗಾದ್ರೆ ಆ ಸಾಲನ್ನ ವಾಪಸ್ ಮಾಮೂಲಿ ಮಾಡ್ಬಿಡು. ಒಂದು ಶಬ್ದ ಬದಲಾಯಿಸೋ ಕೆಲಸ," ಎಂದರು. "ಮೇಲ್ವಿಚಾರಕನ್ನ ನಾನು ಒಪ್ಪಿಸ್ತೀನಿ."

"ಗೋಡೆ ಬೀಳದ ಹಾಗೆ ಕುರ್ಚಿ ಒರಗಿಸಿಟ್ಟ ಹಾಗಾಗತ್ತೆ ಸರ್. ನಾಳೆ ಇನ್ಯಾರೋ ಬಂದು ಕುರ್ಚಿ ಎತ್ತಿ ಪಕ್ಕಕ್ಕಿಡ್ತಾರೆ. ಗುಂಡಿ ಸುದ್ದಿ ಬರೋ ತನಕ ಕಾಯೋ ಹಾಗೆ ಮಾಡ್ತೀನಿ. ಸುದ್ದಿ ತಡ ಆದಾಗ ‘ತಡವಾಯಿತು, ಕಾದೆ’ ಅಂತ ಒಂದು ಸಾಲು ಬರೆಸ್ತೀನಿ. ಮಾಮೂಲಿ ಸಾಲು."

"ಅದು ಡೀಬಗ್ ಅಲ್ವೇನಮ್ಮಾ? ಓದಿದವನು ಎದ್ದು ಏನು ಮಾಡ್ಬೇಕು?"

"ಏನೂ ಮಾಡೋದು ಬೇಡ ಸರ್. ತಪ್ಪು ತನ್ನದಲ್ಲ ಅಂತ ಅವನಿಗೆ ಗೊತ್ತಾದ್ರೆ ಸಾಕು."

ಅದು ನಿಯಮಕ್ಕೆ ಒಪ್ಪುವ ಉತ್ತರವಲ್ಲ ಎಂದು ಅವಳಿಗೂ ಗೊತ್ತಿತ್ತು, ಮೇಷ್ಟ್ರಿಗೂ ಗೊತ್ತಿತ್ತು. ಸರಿಯಾದ ಉತ್ತರ ಯಾವುದೆಂದು ಇಬ್ಬರಿಗೂ ಗೊತ್ತಿರಲಿಲ್ಲ. "ಹೂಂ, ‘ಕಾದೆ’ಗೆ ದೀರ್ಘ ಹಾಕೋದು ಮರೀಬೇಡ," ಎಂದು ಮೇಷ್ಟ್ರು ಫೋನಿಟ್ಟರು.

ಮೆಟ್ಟಿಲ ಮೇಲೇ ಕೂತು ಅವಳು ತಿದ್ದಿದಳು. ಆಫೀಸಿನ ಪರೀಕ್ಷಾ ಲಿಫ್ಟಿನಲ್ಲಿ ಮೇಷ್ಟ್ರು ಅದನ್ನು ಡೀಬಗ್ ಮುಚ್ಚಿಯೇ ಓಡಿಸಿ ನೋಡಿ, ಆಗಬಹುದು ಎಂದ ಮೇಲೆ, ಶನಿವಾರ ಬೆಳಿಗ್ಗೆ ಬಂದು ಹೊಸ ಪ್ರೋಗ್ರಾಂ ಕೂರಿಸಿ ಮೇಲಕ್ಕೆ ಹೋದಳು.

ದೊಡ್ಡ ಕತ್ತರಿಯನ್ನು ಹಳೆಯ ಬಟ್ಟೆಯಲ್ಲಿ ಸುತ್ತಿ ಮೇಜಿನ ತುದಿಯಲ್ಲಿ ಇಟ್ಟಿತ್ತು. ಎದುರು ರಸ್ತೆಯ ಟೈಲರ್ ಇನ್ನೂ ಬಂದಿರಲಿಲ್ಲ. ಅತ್ತೆ ಕಿಟಕಿಯ ಬಳಿ ಕೂತು ಗುಂಡಿಗಳನ್ನು ಬಣ್ಣಬಣ್ಣಕ್ಕೆ ಬೇರೆ ಮಾಡುತ್ತಿದ್ದಳು. ಪುಟ್ಟಿ ಎಲ್ಲವನ್ನೂ ಹೇಳಿದಳು, ಹಿಂದುಮುಂದಾಗಿ, ತಡವರಿಸುತ್ತ. ಅತ್ತೆಗೆ ಎಷ್ಟು ಅರ್ಥವಾಯಿತೋ ಗೊತ್ತಾಗಲಿಲ್ಲ.

"ಅಂದ್ರೆ ನಾನು ಐದೇ ಒತ್ತಿದ್ದೆ."

"ಐದೇ ಒತ್ತಿದ್ದೆ ಅತ್ತೆ."

"ಮತ್ತೆ ನಿನ್ನ ಕಂಪ್ಯೂಟರಲ್ಲಿ ಮೂರು ಅಂತ ಬರೆದಿತ್ತಲ್ಲ."

"ಅದು ತನಗೆ ಕೇಳಿಸಿದ್ದನ್ನ ಬರ್ಕೊಂಡಿತ್ತು. ನೀನು ಮಾಡಿದ್ದನ್ನಲ್ಲ."

ಅತ್ತೆ ಒಂದು ಗುಂಡಿಯನ್ನು ಎತ್ತಿ ಬೆಳಕಿಗೆ ಹಿಡಿದಳು. "ಆ ತೋಳು ಇಪ್ಪತ್ನಾಲ್ಕೂವರೆ ಅಂತ ನಂಗೆ ಮೊದಲೇ ಗೊತ್ತಿತ್ತು ಕಣೆ," ಎಂದಳು. "ಸೀಮೆಸುಣ್ಣದಲ್ಲಿ ಗೆರೆನೂ ಎಳೆದಿದ್ದೆ. ಆಮೇಲೆ ನೀನು ತೋರಿಸಿದ್ದು ನೆನಪಾಯ್ತು. ಐದು ಒತ್ತೋಳು ಮೂರು ಒತ್ತಿದ್ರೆ, ಇದನ್ನೂ ತಪ್ಪೇ ಎಳೆದಿರ್ತೀನಿ ಅಂತ ಗೆರೆ ಒರೆಸಿ ಒಂದಿಂಚು ಒಳಗೆ ಎಳೆದೆ."

ನೆಲ ಬಾಯಿ ತೆರೆದಿದ್ದರೆ ಪುಟ್ಟಿ ಒಳಗೆ ಹೋಗುತ್ತಿದ್ದಳು. ಲಿಫ್ಟಿನ ತಪ್ಪು ಒಂದು ಸಾಲಿನದು, ಅದನ್ನು ಅವಳು ತಿದ್ದಿ ಬಂದಿದ್ದಳು. ಆ ಒಂದಿಂಚು ಅವಳದೇ ತಪ್ಪು, ಅದನ್ನು ತಿದ್ದುವ ಬಗೆ ಅವಳಿಗೆ ಗೊತ್ತಿರಲಿಲ್ಲ. "ತಪ್ಪಾಯ್ತು ಅತ್ತೆ," ಎಂದಳು. "ನಿನ್ನ ಮಾತು ಕೇಳೋ ಬದಲು ಅದರ ಮಾತು ಕೇಳ್ದೆ."

ಅತ್ತೆ ಎದ್ದು, ಮೂಲೆಯಲ್ಲಿದ್ದ ಥಾನನ್ನು ತಬ್ಬಿಕೊಂಡಳು. "ಆ ಪೆಟ್ಟಿಗೆ ಇಲ್ಲೇ ಇಟ್ಟು ಬಾ," ಎಂದಳು ಲ್ಯಾಪ್‌ಟಾಪಿನ ಕಡೆ ಗದ್ದ ತೋರಿಸಿ.

ಇಬ್ಬರೂ ಕೆಳಗಿಳಿದು ಮತ್ತೆ ಹತ್ತಿದರು. ಅತ್ತೆ ಗೋಡೆಗೆ ಒರಗಿದಳು. ಬಾಗಿಲು ಇನ್ನೂ ತೆರೆದೇ ಇತ್ತು. ಮೊಣಕೈ ಎತ್ತಿದವಳು ಒಂದು ಗಳಿಗೆ ತಡೆದು, "ಐದು ಒತ್ತುತಾ ಇದೀನಿ, ನೋಡ್ಕೋ," ಎಂದು ಗಟ್ಟಿಯಾಗಿ ಹೇಳಿ ಒತ್ತಿದಳು. ಹಾಗೆ ಬಾಗಿಲು ಕೂಡುವ ಮೊದಲೇ ಒತ್ತಿದರೆ ಹಳೆಯ ಪ್ರೋಗ್ರಾಮೂ ತಪ್ಪುತ್ತಿರಲಿಲ್ಲ, ಪರೀಕ್ಷೆಯೇ ಆಗಲಿಲ್ಲ ಎಂದು ಪುಟ್ಟಿಗೆ ಗೊತ್ತಿತ್ತು. ಆದರೂ "ನೋಡಿದೆ ಅತ್ತೆ, ಐದೇ," ಎಂದಳು. ಲಿಫ್ಟು ಐದಕ್ಕೆ ಹೋಯಿತು. ಅತ್ತೆ ಮತ್ತೆ ಕೆಳಗೆ ಹೋಗೋಣ ಎಂದಳು. ಎರಡನೇ ಸಲವೂ ಮೊದಲೇ, ಹೇಳಿಯೇ ಒತ್ತಿದಳು. ಮುಂದಿನ ಸಲ ಹೇಳಲಿಲ್ಲ, ಹಳೆಯ ಹಾಗೆ ಬಾಗಿಲು ಕೂಡುತ್ತಲೇ ಮೊಣಕೈ ಹಾಕಿದಳು. ಲಿಫ್ಟು ಅರೆಗಳಿಗೆ ಕಾದಂತಾಗಿ ಐದಕ್ಕೇ ಹೋಯಿತು.

ಅಂಗಡಿಗೆ ಬಂದ ಮೇಲೆ ಅತ್ತೆ ಪುಟ್ಟಿ ತಂದಿದ್ದ ಬಟ್ಟೆಯನ್ನು ಮೇಜಿನ ಮೇಲೆ ಹರವಿದಳು. ಅಂಗೈಯಿಂದ ನೇವರಿಸಿ ಸುಕ್ಕು ತೆಗೆದಳು. ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದು, ಅದನ್ನೇ ನೋಡುತ್ತ ನಿಂತಳು. ಒರೆಸುತ್ತಾಳೇನೋ ಎಂದು ಪುಟ್ಟಿ ಅವಳ ಕೈಯನ್ನೇ ನೋಡಿದಳು.

"ಇಪ್ಪತ್ನಾಲ್ಕೂವರೆ ಇದೆ ಅಲ್ವೇನೇ?"

"ನೀನು ಹೇಳಿದ್ದೇ ಸರಿ ಅತ್ತೆ. ಸರಿಯಾಗೇ ಇದೆ."

ಅತ್ತೆ ಸರ್ರನೆ ತಿರುಗಿದಳು. "ಅಳೆದು ನೋಡ್ದೇ ಸರಿಯಾಗಿದೆ ಅಂತೀಯಲ್ಲ! ಅವತ್ತು ಕಣ್ಣು ಮುಚ್ಕೊಂಡು ತಪ್ಪು ಅಂದೆ, ಇವತ್ತು ಕಣ್ಣು ಮುಚ್ಕೊಂಡು ಸರಿ ಅಂತೀಯ. ನನ್ನ ಸಮಾಧಾನ ಮಾಡೋಕೆ ಬಂದಿದೀಯಾ? ಟೇಪು ತಗೊಂಡು ಅಳತೆ ನೋಡೆ, ಕೋತಿ!"

ಅಬ್ಬಾ, ಎಷ್ಟು ವಾರಗಳ ಮೇಲೆ ಅತ್ತೆ ಬೈದಳು! ಪುಟ್ಟಿ ಕಣ್ಣೊರೆಸಿಕೊಂಡು ಟೇಪು ಹಿಡಿದಳು. ಅದರ ಒಂದು ತುದಿಯನ್ನು ಭುಜದ ಗುರುತಿಗೆ ಒತ್ತಿ, 'ಹಿಡ್ಕೋ' ಎಂದು ಅತ್ತೆಗೆ ಹೇಳಿ, ಇನ್ನೊಂದು ತುದಿಯನ್ನು ಗೆರೆಯ ತನಕ ಎಳೆದು ಬಗ್ಗಿ ಅಂಕಿ ನೋಡಿದಳು. "ಇಪ್ಪತ್ನಾಲ್ಕು..." ಎಂದು ಶುರು ಮಾಡಿದಳು.

ಅವಳು ‘ವರೆ’ ಎನ್ನುವ ಹೊತ್ತಿಗೆ ಕತ್ತರಿಯ ಮೇಲಿನ ಬಟ್ಟೆ ನೆಲದ ಮೇಲಿತ್ತು, ಅತ್ತೆ ಅರ್ಧ ತೋಳು ಕತ್ತರಿಸಿ ಮುಗಿಸಿದ್ದಳು.